ತಾಳಿಗೆ ಹತ್ತಿದ ಪಾದರಸ

ಬೋಗುಣಿಯಲ್ಲಿದ್ದ ಪಾದರಸಕ್ಕೆ ತನ್ನ ತಾಳಿ ತಾಗಿದ್ದು ಇಂದುಬಾಯಿಗೆ ಗೊತ್ತೇ ಆಗಲಿಲ್ಲ. ಪಾದರಸ ತುಂಬಿದ ಉದ್ದನೆಯ ಗಾಜಿನ ಕೊಳವೆಯ ಬಾಯನ್ನು ಹೆಬ್ಬೆರಳಿನಿಂದ ಒತ್ತಿ ಹಿಡಿದು, ತಲೆಕೆಳಗು ಮಾಡಿ ಬೋಗುಣಿಯಲ್ಲಿ ನಿಲ್ಲಿಸುವುದರಲ್ಲೇ ಅವಳ ಜೀವವೆಲ್ಲ ಇತ್ತು. ಎದುರಿಗೆ ಜತ್ತದ ಶಿಕ್ಷಕರ ಶಿಬಿರಕ್ಕೆ ಬಂದ ನಲವತ್ತು ಮಂದಿ ಮಾಸ್ತರರು. ಅವರ ನಡುವೆ ಅವಳೊಬ್ಬಳೇ ಹೆಂಗಸು. ಕೈ ನಡುಗಬಾರದು ಎಂದು ಕೊಲ್ಹಾಪುರದಿಂದ ಕಲಿಸಲು ಬಂದಿದ್ದ ಮಾನೆ ಸರ್ ಮರಾಠಿಯಲ್ಲಿ ಎಚ್ಚರಿಸಿದರು. ಅವಳು ಇನ್ನಷ್ಟು ಬಗ್ಗಿ ಬೆರಳು ತೆಗೆದಳು. ಪಾದರಸ ಸರ್ರನೆ ಇಳಿದು ಎಪ್ಪತ್ತೊಂದು ಸೆಂಟಿಮೀಟರಿನ ಹತ್ತಿರ ನಿಂತಿತು.

"ಪುಸ್ತಕದಾಗ ಎಪ್ಪತ್ತಾರು ಐತಲ್ಲರಿ! ಉಳಿದ ಐದು ಸೆಂಟಿಮೀಟರ ಯಾರು ತಿಂದ್ರು?" ಎಂದು ಉಮದಿಯ ಗುರುಲಿಂಗಪ್ಪ ಮಾಸ್ತರರು ಹಿಂದಿನ ಬೆಂಚಿನಿಂದ ಕೂಗಿದರು. ಎಲ್ಲರೂ ನಕ್ಕರು. ಜತ್ತ ಸಮುದ್ರಕ್ಕಿಂತ ಎತ್ತರದಲ್ಲಿದೆ, ಇಲ್ಲಿ ಗಾಳಿಯ ಭಾರ ಕಡಿಮೆ ಎಂದು ಮಾನೆ ಸರ್ ಬಿಡಿಸಿ ಹೇಳತೊಡಗಿದರು. ಇಂದುಬಾಯಿ ಸೆರಗು ಸರಿಮಾಡಿಕೊಳ್ಳಲು ಕೈ ಎತ್ತಿದಾಗಲೇ ಅದನ್ನು ನೋಡಿದಳು. ತಾಳಿಯ ಎರಡು ಬಂಗಾರದ ಬಟ್ಟಲುಗಳಲ್ಲಿ ಒಂದು ಅರ್ಧ ಬೆಳ್ಳಗಾಗಿತ್ತು, ಬೆಳ್ಳಿಯದೋ ತವರದ್ದೋ ಎಂಬಂತೆ.

ಗೋಡೆಯ ಗಡಿಯಾರದಲ್ಲಿ ಹತ್ತು ಗಂಟೆ ಇಪ್ಪತ್ತು ನಿಮಿಷ.

ಹತ್ತು ಗಂಟೆಗೇ ಮಿರಜದ ಆಸ್ಪತ್ರೆಯಲ್ಲಿ ಅವಳ ಗಂಡ ಶ್ರೀಶೈಲಪ್ಪನನ್ನು ಆಪರೇಶನ್ನಿಗೆ ಒಳಗೆ ಕರೆದೊಯ್ಯುವವರಿದ್ದರು. ಹೊಟ್ಟೆಯಲ್ಲಿ ಗಂಟು. ಉಟಗಿಯ ಕಿರಾಣಿ ಅಂಗಡಿಯಲ್ಲಿ ಕುಳಿತಲ್ಲೇ ಮೂರು ತಿಂಗಳಿನಿಂದ ನೋವು ನುಂಗುತ್ತಿದ್ದ. ಮೈದುನ ಮುರಗೆಪ್ಪ ಜೊತೆಗಿದ್ದ. ಅವಳು ಮಾತ್ರ ಇಲ್ಲಿದ್ದಳು. ಬೇಸಿಗೆ ರಜೆಯ ಈ ಮೂರು ವಾರದ ಶಿಬಿರದಲ್ಲಿ ಒಂದು ದಿನ ತಪ್ಪಿದರೂ ಪ್ರಮಾಣಪತ್ರ ಇಲ್ಲ, ಅದಿಲ್ಲದವರಿಗೆ ವಿಜ್ಞಾನದ ತರಗತಿ ಇಲ್ಲ, ನೌಕರಿ ಕಾಯಂ ಆಗುವುದೂ ಇಲ್ಲ ಎಂದು ಮೊದಲ ದಿನವೇ ಹೇಳಿದ್ದರು. "ನೀ ಹೋಗು. ನಾ ಏನು ಕೂಸೇನು?" ಎಂದು ಗಂಡನೇ ಅವಳನ್ನು ಬಸ್ಸು ಹತ್ತಿಸಿದ್ದ.

ಅವಳು ತಾಳಿಯನ್ನು ಸೆರಗಿನೊಳಗೆ ಸೇರಿಸಿ ಬೆಂಚಿಗೆ ಬಂದು ಕುಳಿತಳು. ಪಾದರಸ ಬಂಗಾರವನ್ನು ಹಿಡಿಯುತ್ತದೆ ಎಂದು ಏಳು ವರ್ಷದಿಂದ ಮಕ್ಕಳಿಗೆ ಓದಿ ಹೇಳಿದವಳು ಅವಳು. ಪರೀಕ್ಷೆಯಲ್ಲಿ ಬಿಟ್ಟ ಸ್ಥಳ ತುಂಬಲಿಕ್ಕೂ ಅದನ್ನೇ ಕೊಟ್ಟಿದ್ದಳು. ಆದರೆ ಪಾದರಸವನ್ನು ಕಣ್ಣಾರೆ ಕಂಡದ್ದು ಇದೇ ಮೊದಲು. ಓದಿದ್ದೆಲ್ಲ ಬಾಯಲ್ಲಿತ್ತು, ಎದೆಯಲ್ಲಿ ಬೇರೆಯೇ ಏನೋ ಬಡಿದುಕೊಳ್ಳುತ್ತಿತ್ತು. ಸರಿಯಾಗಿ ಈ ಗಳಿಗೆಗೇ ಯಾಕೆ? ಶಿವನೇ, ಈ ಗಳಿಗೆಗೇ ಯಾಕೆ? ಕೊರಳಲ್ಲಿದ್ದ ಲಿಂಗದ ಕರಡಿಗೆಯನ್ನು ಮುಟ್ಟಿಕೊಂಡಳು.

ಮಧ್ಯಾಹ್ನ ಊಟದ ಬಿಡುವಿನಲ್ಲಿ ಅವಳು ಅಡುಗೆಮನೆಯ ಹಿಂದೆ ಹೋಗಿ ಹುಣಸೆಹಣ್ಣು ಹಚ್ಚಿ ತಿಕ್ಕಿದಳು. ಹೋಗಲಿಲ್ಲ. ಒಲೆಯ ಬೂದಿ ಹಚ್ಚಿ ತಿಕ್ಕಿದಳು. ಬಟ್ಟಲಿನ ಅರ್ಧಕ್ಕಿದ್ದ ಬಿಳುಪು ಅಂಚಿನವರೆಗೂ ಹರಡಿತು. ತಿಕ್ಕಿದಷ್ಟೂ ಹೊಳಪು ಹೆಚ್ಚಿತು.

ಶಿಬಿರಕ್ಕೆ ರೊಟ್ಟಿ ಬಡಿಯುವ ಯಮನವ್ವ ನೀರು ಚೆಲ್ಲಲು ಬಂದವಳು ಅಲ್ಲೇ ನಿಂತಳು. ಇಂದುಬಾಯಿ ರಾತ್ರಿ ಮಲಗುತ್ತಿದ್ದುದು ಅವಳ ಮನೆಯಲ್ಲೇ.

"ಬಾಯಾರ, ಏನದು? ಅಯ್ಯ ನನ್ನ ಶಿವನ! ಬಂಗಾರ ಬೆಳ್ಳಗಾಗೇತಿ!"

"ಪಾರಾ ಹತ್ತೇತಿ, ಯಮನವ್ವ. ಸಾಲ್ಯಾಗಿಂದು. ಅದು ಹಂಗ ಆಗತೈತಿ."

"ಹಂಗ ಆಗತೈತಿ ಅಂದ್ರ ನೀವು ಯಾಕ ಹಿಂಗ ಬೂದಿ ಹಚ್ಚಿ ತಿಕ್ಕಾಕತ್ತೀರಿ?"

ಇಂದುಬಾಯಿ ತಿಕ್ಕುವುದನ್ನು ಬಿಟ್ಟಳು. ಬಾವಿಕಟ್ಟೆಯ ಮೇಲೆ ಕುಳಿತುಬಿಟ್ಟಳು. ಆಪರೇಶನ್ನಿನ ಸಂಗತಿಯನ್ನು ಹೇಳಿಕೊಂಡಳು. ಯಮನವ್ವನ ಮುಖದ ಬಣ್ಣವೂ ಇಳಿಯಿತು. ಅದನ್ನು ನೋಡಿ ಇಂದುಬಾಯಿಗೆ ಇನ್ನೂ ಹೆದರಿಕೆಯಾಯಿತು.

ಸುದ್ದಿ ಗುರುಲಿಂಗಪ್ಪ ಮಾಸ್ತರರಿಗೆ ಮುಟ್ಟಿತು. ಅವರು ಮಾನೆ ಸರ್ ಅವರನ್ನೇ ಕರೆದುಕೊಂಡು ಬಂದರು. ಮಾನೆ ಸರ್ ದೂರದಿಂದಲೇ ನೋಡಿ, ಇದೇನು ದೊಡ್ಡದಲ್ಲ, ತೆಗೆದು ಕೊಡಿ, ದೀಪದ ಉರಿಗೆ ಹಿಡಿದರೆ ಪಾದರಸ ಹಾರಿಹೋಗಿ ಬಂಗಾರ ಉಳಿಯುತ್ತದೆ, ಎರಡು ನಿಮಿಷದ ಕೆಲಸ ಎಂದರು. ಹೊಗೆ ಮಾತ್ರ ಮೂಗಿಗೆ ಬಡಿಯಬಾರದು.

"ತೆಗೀರಿ ಬಾಯಾರ," ಅಂದರು ಗುರುಲಿಂಗಪ್ಪ.

ಇಂದುಬಾಯಿ ಎರಡೂ ಕೈಯಿಂದ ಕೊರಳನ್ನು ಮುಚ್ಚಿಕೊಂಡಳು. "ಒಲ್ಲೆರಿ. ಇವತ್ತ ಒಲ್ಲೆ. ಅವರು ಅಲ್ಲಿ ಮಲಗಿರಬೇಕಾದ್ರ ನಾ ಇಲ್ಲಿ ತಾಳಿ ಹರದು ಬೆಂಕ್ಯಾಗ ಹಿಡೀಲೇನು?"

"ನೀವು ವಿಜ್ಞಾನ ಶಿಕ್ಷಕಿ," ಎಂದರು ಮಾನೆ ಸರ್, ಕಟುವಾಗಿ ಅಲ್ಲ.

"ಹೌದರಿ," ಎಂದಳು. ಕೈ ಮಾತ್ರ ತೆಗೆಯಲಿಲ್ಲ.

ಮಧ್ಯಾಹ್ನ ಗಣಿತ. ಹೊಸ ಗಣಿತದಲ್ಲಿ ಎಲ್ಲದಕ್ಕೂ 'ಸಂಚ', ಅಂದರೆ ಗಣ, ಎಂಬ ಹೆಸರು. ಗುರುಲಿಂಗಪ್ಪ ಅವಳಿಗೆ ಕೇಳುವಂತೆ ಗೊಣಗಿದರು: "ಕುರಿ ಹಿಂಡು ಅಂದ್ರ ಸಂಚ. ಟಗರಷ್ಟ ಬ್ಯಾರೆ ಮಾಡಿದ್ರ ಉಪಸಂಚ. ಇದನ್ನ ಕಲಸಾಕ ನಮ್ಮ ಕುರಿ ಕಾಯೋ ಭರಮಣ್ಣ ಸಾಕಾಗಿದ್ದ. ಕೊಲ್ಹಾಪುರದಿಂದ ಯಾಕ ಬರಬೇಕಿತ್ತು?" ನಗಿಸಲೆಂದೇ ಹೇಳಿದ್ದು. ಅವಳು ನಗಲಿಲ್ಲ. ಮಾನೆ ಸರ್ ಕರಿಹಲಗೆಯ ಮೇಲೆ ಒಂದು ಖಾಲಿ ವರ್ತುಲ ಬರೆದು, ಒಳಗೆ ಏನೂ ಇಲ್ಲದಿದ್ದರೆ ಅದು ಶೂನ್ಯ ಸಂಚ ಎಂದರು. ಅವಳು ಆ ವರ್ತುಲದಿಂದ ಕಣ್ಣು ತೆಗೆದು ಕಿಟಕಿಯ ಕಡೆ ನೋಡಿದಳು. ಹೊರಗೆ ಬಿಸಿಲಿಗೆ ಬೇವಿನ ಮರದ ಎಲೆಯೂ ಅಲುಗುತ್ತಿರಲಿಲ್ಲ. ಏನೇ ಆದರೂ ಸಂಜೆ ಐದರ ಬಸ್ಸಿಗೆ ಬಂದು ತಿಳಿಸುತ್ತೇನೆ ಎಂದು ಮುರಗೆಪ್ಪ ಹೇಳಿದ್ದ. ಏನೇ ಆದರೂ.

ಐದಕ್ಕೆ ಬಸ್ಸು ಬಂದ ಸದ್ದು ಕೇಳಿತು. ಅವಳು ಎದ್ದು ಅಂಗಳಕ್ಕೆ ಬಂದಳು. ಮುರಗೆಪ್ಪ ಗೇಟು ದಾಟಿ ತಲೆ ತಗ್ಗಿಸಿಕೊಂಡು ಬರುತ್ತಿದ್ದ. ತಲೆಯ ಮೇಲೆ ರುಮಾಲು ಇರಲಿಲ್ಲ, ಅದನ್ನು ಬಿಚ್ಚಿ ಹೆಗಲಿಗೆ ಹಾಕಿದ್ದ. ಅವಳು ಕಂಬವನ್ನು ಹಿಡಿದುಕೊಂಡಳು.

"ವೈನಿ..." ಎಂದು ಅವನು ಉಸಿರು ಎಳೆದುಕೊಂಡ. "ಆಪರೇಶನ್ ಆಗಲಿಲ್ಲ."

"ಯಾಕ?"

"ಅಣ್ಣ ಒಲ್ಲೆ ಅಂದ. ಗಾಡಿ ಮ್ಯಾಲ ಮಲಗಿಸಿಕೊಂಡು ಬಾಗಿಲತನಕ ಹೋಗಿದ್ರು. ಅಲ್ಲಿ ಎದ್ದು ಕುಂತು ಅಳಾಕ ಹತ್ತಿಬಿಟ್ಟ. ಅಕಿ ಬರಲಿ, ಅಕೀನ ನೋಡಿ ಹೋಗ್ತೀನಿ ಅಂತ ಒಂದ ಹಟ. ನನಗೂ ನಾಚಿಕಿ ಆತು. ಡಾಕ್ಟರು ಭಾಳ ಚಲೋ ಮನುಷಾ, ಸಿಟ್ಟು ಮಾಡಲಿಲ್ಲ. ನಾಳೆ ಹತ್ತಕ್ಕ ಕಡೀದು, ಇನ್ನ ತಡ ಮಾಡಿದ್ರ ಉಪಯೋಗ ಇಲ್ಲ ಅಂದಾರ."

ಇಂದುಬಾಯಿ ಹಿಡಿದಿದ್ದ ಕಂಬವನ್ನು ಬಿಟ್ಟಳು. ನಾ ಏನು ಕೂಸೇನು ಎಂದವನು ಬಿಳಿ ಹಾಸಿಗೆಯ ಮೇಲೆ ಎದ್ದು ಕುಳಿತು ಬಾಗಿಲನ್ನು ನೋಡುತ್ತಿರುವುದು ಅವಳ ಕಣ್ಣ ಮುಂದೆ ಬಂತು. ಹದಿನೈದು ವರ್ಷದ ಸಂಸಾರದಲ್ಲಿ ಅವನು ಅತ್ತಿದ್ದನ್ನು ಅವಳು ನೋಡಿರಲಿಲ್ಲ.

"ಬಸ್ಸು ಎಷ್ಟಕ್ಕೈತಿ?"

"ಆರೂವರಿಗೆ."

ಅವಳು ಒಳಗೆ ಹೋಗಿ ಮಾನೆ ಸರ್ ಮುಂದೆ ನಿಂತು ಸಂಗತಿಯನ್ನು ಹೇಳಿದಳು. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಹಾಜರಿ ತಪ್ಪಿದರೆ ನನ್ನ ಕೈಯಲ್ಲಿ ಏನೂ ಇಲ್ಲ ಬಾಯಿ, ಹೆಸರು ಮುಂದಿನ ವರ್ಷಕ್ಕೆ ಹೋಗುತ್ತದೆ, ಕಾಯಂ ಆಗುವುದೂ ಹಾಗೆಯೇ ಎಂದರು. ಅವಳು ತಲೆಯಾಡಿಸಿದಳು.

"ಆ ದೀಪ ಹಚ್ಚಿಕೊಡ್ರಿ, ಸರ್."

ಗುರುಲಿಂಗಪ್ಪ ಬೆರಗಾಗಿ ನೋಡಿದರು. "ಮಧ್ಯಾಹ್ನ ಒಲ್ಲೆ ಅಂದಿದ್ರಲ್ಲ, ಬಾಯಾರ?"

"ಅವರು ಇದನ್ನ ನೋಡಬಾರದು," ಎಂದಳು. "ಮದಲ ಹೆದರ್ಯಾರ."

ಯಮನವ್ವ ಒಂದು ಹಳದಿ ದಾರಕ್ಕೆ ಅರಿಶಿನದ ಕೊಂಬು ಕಟ್ಟಿ ತಂದಳು. ತಾಳಿ ಪೋಣಿಸುವಾಗ ಕೊರಳು ಬರಿದಾಗಬಾರದೆಂದು ಹಿರಿಯರು ಮಾಡುತ್ತ ಬಂದ ದಾರಿ ಅದು. ಕೊಂಬನ್ನು ಕಟ್ಟಿಕೊಂಡ ಮೇಲೆಯೇ ಇಂದುಬಾಯಿ ತಾಳಿಯನ್ನು ಬಿಚ್ಚಿದಳು. ಕರಿಮಣಿಗಳನ್ನು ಯಮನವ್ವನ ಸೆರಗಿಗೆ ಸುರಿದು, ಬೆಳ್ಳಗಾದ ಬಟ್ಟಲನ್ನಷ್ಟೇ ಇಕ್ಕಳದಲ್ಲಿ ಹಿಡಿದಳು. ಮಾನೆ ಸರ್ ದೀಪವನ್ನು ಬಯಲಿಗೆ ತಂದು ಬೇವಿನ ಮರದ ಕೆಳಗೆ, ಗಾಳಿ ಆಚೆ ಬೀಸುವಂತೆ ಇಟ್ಟರು. ನಾನು ಹಿಡಿಯುತ್ತೇನೆ ಎಂದು ಕೈ ಚಾಚಿದರು. ಅವಳು ಕೊಡಲಿಲ್ಲ.

ತಾನೇ ಇಕ್ಕಳವನ್ನು ಮುಂದೆ ಚಾಚಿದಳು. ಉರಿಯ ತುದಿಯಲ್ಲಿ ಬಟ್ಟಲು ಮೊದಲು ಬೂದಿಬಣ್ಣಕ್ಕೆ ತಿರುಗಿತು. ಆಮೇಲೆ ಅಂಚಿನಿಂದ ಸಣ್ಣಗೆ ಹಳದಿ ಮೂಡಿತು. ಪೂರ್ತಿ ಮೊದಲಿನಂತೆ ಆಗಲಿಲ್ಲ. ಮೈ ಒರಟಾಗಿ, ಮಂಕಾಗಿ ಉಳಿಯಿತು. ಅಕ್ಕಸಾಲಿಗ ಮೆರುಗು ಕೊಟ್ಟರೆ ಸರಿಹೋಗುತ್ತದೆ ಎಂದರು ಮಾನೆ ಸರ್. ಯಮನವ್ವ ಹೊಸ ದಾರಕ್ಕೆ ಪೋಣಿಸುವಾಗ ಬಟ್ಟಲು ಬೆರಳು ಸುಟ್ಟಿತೆಂದು ಊದಿಕೊಂಡಳು, "ನಿಮ್ಮ ಗಂಡ್ಗ ಹೇಳ್ರಿ, ಇದಕ್ಕ ನನ್ನ ಬೆರಳೂ ಸುಟ್ಟೇತಿ ಅಂತ" ಎಂದಳು, ಹೇಳಿದವಳೇ ಕಣ್ಣೊರೆಸಿಕೊಂಡಳು.

ಬಸ್ಸಿನಲ್ಲಿ ಕಿಟಕಿಯ ಪಕ್ಕ ಜಾಗ ಸಿಕ್ಕಿತು. ಮುರಗೆಪ್ಪ ಎದುರಿನ ಸೀಟಿನಲ್ಲಿ ಕುಳಿತಲ್ಲೇ ನಿದ್ದೆಹೋದ. ಜತ್ತ ಹಿಂದೆ ಬಿದ್ದ ಮೇಲೆ ಇಂದುಬಾಯಿ ಸೆರಗಿನ ಮರೆಯಲ್ಲಿ ತಾಳಿಯನ್ನು ಹುಡುಕಿಕೊಂಡಳು. ಮಂಕಾದ ಬಟ್ಟಲನ್ನು ಒಳಗಡೆಗೆ, ಎದೆಯ ಕಡೆಗೆ ತಿರುಗಿಸಿ, ಹೊಳೆಯುವುದನ್ನು ಮುಂದೆ ಬಿಟ್ಟಳು. ಬಸ್ಸು ಕುಲುಕಿದಾಗ ಅದು ಮತ್ತೆ ತಿರುಗಿಕೊಂಡಿತು. ಅವಳು ಅದನ್ನು ಮತ್ತೆ ಸರಿಮಾಡಿ ಅಂಗೈಯಲ್ಲಿ ಹಿಡಿದು ಕುಳಿತಳು. ಬಟ್ಟಲು ಅಂಗೈಯ ಕಾವಿಗೆ ಬೆಚ್ಚಗಾಯಿತು.