ಹನ್ನೆರಡು ದಿನಗಳ ಅಂತರ

ಮಧ್ಯರಾತ್ರಿ ದಾಟಿದ ಮೇಲೆ ಪ್ರಯೋಗಾಲಯದ ಗಾಜಿನ ಬಟ್ಟಲಿನಿಂದ ಚಿಟ್ ಎಂದು ಸದ್ದು ಕೇಳಿಸಿತು. ಎರಡು ವರ್ಷ ಬರೀ ಜಿಡ್ಡಾಗಿಯೇ ಉಳಿದಿದ್ದ ನನ್ನ ಹೊಸ ರಾಸಾಯನಿಕದ ಎಣ್ಣೆ ಕೊನೆಗೂ ಹರಳುಗಟ್ಟುತ್ತಿತ್ತು. ಚಳಿಗೆ ಸೆಟೆದ ಬೆರಳುಗಳಿಂದಲೇ ಟಿಪ್ಪಣಿ ಪುಸ್ತಕದಲ್ಲಿ ತಾರೀಕು ಬರೆದೆ: ಫೆಬ್ರವರಿ ಇಪ್ಪತ್ತೇಳು.

ಬೆಳಿಗ್ಗೆ ಪ್ರೊಫೆಸರ್ ಪಾಂಫಿಲ್ ಗವ್ರೀಲೊವಿಚ್ ಬಟ್ಟಲನ್ನು ಬೆಳಕಿಗೆ ಹಿಡಿದು ನೋಡಿದರು.

"ಹರಳೇ ಕಣ್ರೀ! ನಾಳೇನೇ ಬರ್ಲಿನ್ ಪತ್ರಿಕೆಗೆ ಬರೆಯೋಣ."

ಆ ನಾಳೆ ಆರು ವಾರವಾದರೂ ಬರಲಿಲ್ಲ. ಅವರಿಗೆ ಪರೀಕ್ಷೆಗಳಿದ್ದವು, ಇಸ್ಪೀಟಿನ ಸಂಜೆಗಳಿದ್ದವು. ನಮ್ಮ ರಷ್ಯದಲ್ಲಿ ಹೆಂಗಸಿಗೆ ಪದವಿಯಿಲ್ಲ. ಒಂದು ಲೇಖನ ನನ್ನ ಹೆಸರಿನಲ್ಲಿ ಅಚ್ಚಾದರೆ ಸ್ವಿಟ್ಜರ್ಲೆಂಡಿನಲ್ಲಿ ಓದಲು ಜಾಗ ಸಿಗುತ್ತಿತ್ತು. ಆದರೆ ಪ್ರೊಫೆಸರರ ಸಹಿಯಿಲ್ಲದ ನನ್ನ ಪತ್ರವನ್ನು ಯಾರು ಓದುತ್ತಾರೆ?

ಅಷ್ಟರಲ್ಲಿ ಆ ಪತ್ರಿಕೆಯ ಹೊಸ ಸಂಚಿಕೆ ಬಂತು. ಅದರಲ್ಲಿ ನನ್ನದೇ ಹರಳು! ಮಾರ್ಚ್ ನಾಲ್ಕರಂದು ಅದನ್ನು ಪಡೆದೆನೆಂದು ಬರ್ಲಿನ್ನಿನವನೊಬ್ಬ ಬರೆದಿದ್ದ.

"ಮುಖ ಸಣ್ಣ ಮಾಡ್ಕೊಂಡು ಕೂತ್ರೆ ಆಗುತ್ತಾ, ಎವ್ದೋಕಿಯಾ ಲ್ವೊವ್ನಾ? ನಮ್ಮದೇ ಮೊದಲು ಅಂತ ಈಗ್ಲೇ ಬರೀರಿ. ಅಂಚೆ ಹೊರಡೋಕೆ ಅರ್ಧ ಗಂಟೆ ಇದೆ."

"ಆರು ವಾರದಿಂದ ಅದನ್ನೇ ಹೇಳ್ತಿದ್ದೆ."

"ಅಬ್ಬಬ್ಬಾ, ನಮ್ಮತ್ತೆ ಥರಾನೇ ಮಾತಾಡ್ತೀರಲ್ರೀ!"

ಬರೆದುಕೊಟ್ಟೆ. ಅವರು ಓದದೆಯೇ ಸಹಿ ಹಾಕಿದರು.

ಜೂನ್‌ನಲ್ಲಿ ಸಂಪಾದಕರ ಉತ್ತರ ಬಂತು. ಫೆಬ್ರವರಿ ಇಪ್ಪತ್ತೇಳು ಮೊದಲಿನದಾದ್ದರಿಂದ ಶೋಧ ನಮ್ಮದೇ. ಇಬ್ಬರ ಹೆಸರನ್ನೂ ಪ್ರಕಟಿಸುತ್ತಾರೆ.

ಮೂರು ಸಲ ಓದಿದೆ. ಮೂರನೆಯ ಸಲ ಕಣ್ಣು ತಾರೀಕಿನ ಮೇಲೆ ನಿಂತಿತು. ನಮ್ಮ ರಷ್ಯದ ಹಳೆಯ ಕ್ಯಾಲೆಂಡರ್ ಬರ್ಲಿನ್ನಿನದಕ್ಕಿಂತ ಹನ್ನೆರಡು ದಿನ ಹಿಂದೆ. ಹೊರದೇಶಕ್ಕೆ ಬರೆಯುವಾಗ ಎರಡೂ ತಾರೀಕು ಹಾಕಬೇಕೆಂಬುದು ಇಲ್ಲಿನ ಗುಮಾಸ್ತರಿಗೂ ಗೊತ್ತು. ಆ ಗಡಿಬಿಡಿಯಲ್ಲಿ ನಾನು ನಮ್ಮದೊಂದನ್ನೇ ಬರೆದಿದ್ದೆ. ಬರ್ಲಿನ್ನಿನ ಲೆಕ್ಕದಲ್ಲಿ ನನ್ನ ಹರಳು ಮಾರ್ಚ್ ಹನ್ನೊಂದರದು. ಅವನಿಗಿಂತ ಒಂದು ವಾರ ತಡ.

"ಏನ್ರೀ, ಖುಷಿಯಾಗ್ಲಿಲ್ವಾ? ನಮ್ಮೂರಿನ ಯಾವ ಹೆಂಗಸಿನ ಹೆಸರು ಆ ಪತ್ರಿಕೇಲಿ ಬಂದಿದೆ, ಹೇಳಿ ನೋಡೋಣ?"

"ಯಾರದೂ ಇಲ್ಲ."

"ಮತ್ತೆ? ನನ್ನ ಹೆಸರಿನ ಕೆಳಗೇ ಇರುತ್ತೆ ನಿಮ್ಮದು."

ಕೆಳಗೆ. ಎಣ್ಣೆಯ ಮುಂದೆ ಎರಡು ವರ್ಷ ಕುಳಿತವಳು ನಾನು. ಬರ್ಲಿನ್ನಿನವನೂ ಹೀಗೆಯೇ ಕುಳಿತಿದ್ದನೇನೋ. ಪೀಟರ್ಸ್‌ಬರ್ಗಿನಲ್ಲಿ ಪತ್ರಿಕೆ ಓದುವ ಯಾರಾದರೂ ಬೆರಳು ಮಡಚಿ ಎಣಿಸಿದರೆ ಸಾಕು, ನನ್ನ ಕಥೆ ಮುಗಿಯಿತು.

ಆದರೂ ಆ ಕಾಗದವನ್ನು ಮಡಚಿ ಅವರ ಕೈಗೆ ಕೊಟ್ಟೆ. ಪ್ರೊಫೆಸರರಿಗೂ ಹೇಳುವುದಿಲ್ಲ, ಅಮ್ಮನಿಗೂ ಹೇಳುವುದಿಲ್ಲ, ಯಾರಿಗೂ ಹೇಳುವುದಿಲ್ಲ ಎಂದು ಆಗಲೇ ನಿಶ್ಚಯಿಸಿಕೊಂಡಿದ್ದೆ.