ಕೊನೆಯ ಬೆಂಚಿನ ದಡ್ಡಿ

ಮೆದುಳಿನ ಎಡಭಾಗದಲ್ಲಿ ರಕ್ತ ಹೆಪ್ಪುಗಟ್ಟಿ ಮಾತು ನಿಂತುಹೋಗಿದ್ದ ಮೇಷ್ಟ್ರು ಆಸ್ಪತ್ರೆಯಲ್ಲಿ ಹದಿಮೂರನೆಯ ದಿನ ಬಾಯಿ ತೆರೆದು ಆಡಿದ ಮೊದಲ ಮಾತು, "ಸಿಟ್ ಡೌನ್."

ನರ್ಸು ಗಾಬರಿಯಿಂದ ಸ್ಟೂಲಿನ ಮೇಲೆ ಕುಳಿತೇಬಿಟ್ಟಳು. ಹೆಂಡತಿ ಸೆರಗು ಬಾಯಿಗಿಟ್ಟುಕೊಂಡು ಅತ್ತಳು. ಮಾತು ಬಂತಲ್ಲ ಎಂಬ ಸಂತೋಷದಲ್ಲಿ, ಬಂದದ್ದು ಯಾವ ಭಾಷೆ ಎಂದು ನೋಡುವ ವ್ಯವಧಾನ ಆಕೆಗೆ ಇರಲಿಲ್ಲ.

ಮನೆಗೆ ಬಂದ ಮೇಲೂ ಬೇರೆ ಭಾಷೆ ಬರಲಿಲ್ಲ. ಮಗಳು ನೀರು ಪರೀಕ್ಷಿಸುವ ಪ್ರಯೋಗಾಲಯದಲ್ಲಿ ಕೆಲಸ ಮಾಡುವವಳು. ಏನನ್ನೂ ಬರೆದಿಡದೆ ನಂಬುವವಳಲ್ಲ. ಅಪ್ಪ ಆಡಿದ ಒಂದೊಂದು ಪದವನ್ನೂ ನೋಟ್‌ಬುಕ್ಕಿನಲ್ಲಿ ದಿನಾಂಕ ಹಾಕಿ ಬರೆದಳು. ಮೂರು ವಾರಕ್ಕೆ ಇನ್ನೂರ ಹನ್ನೊಂದು ಪದಗಳಾದವು. ಎಲ್ಲವೂ ಇಂಗ್ಲಿಷು, ಅದರಲ್ಲೂ ತರಗತಿಯ ಇಂಗ್ಲಿಷು. ಅದರಲ್ಲಿ ನೀರು ಇತ್ತು, ಆದರೆ ಅದು ನೂರು ಡಿಗ್ರಿಯಲ್ಲಿ ಕುದಿಯುವ ನೀರು. ಬಾಯಾರಿದಾಗ ಕೇಳುವ ನೀರಲ್ಲ.

"ಎರಡು ಭಾಷೆ ಇದ್ದವರಿಗೆ ಹೀಗಾಗೋದುಂಟು," ಎಂದಳು ವಾರಕ್ಕೆರಡು ಸಲ ಬರುತ್ತಿದ್ದ ಮಾತಿನ ಚಿಕಿತ್ಸೆಯ ಹುಡುಗಿ. "ಆಮೇಲೆ ಕಲಿತದ್ದೇ ಮೊದಲು ವಾಪಸ್ ಬರುತ್ತೆ ಕೆಲವರಿಗೆ. ಯಾಕೆ ಅಂತ ಖಚಿತವಾಗಿ ನಮಗೂ ಗೊತ್ತಿಲ್ಲ ಆಂಟಿ. ಮೊದಲ ಆರು ತಿಂಗಳು ಮುಖ್ಯ. ಬಳಸಿದ ಭಾಷೆ ಗಟ್ಟಿಯಾಗುತ್ತೆ. ನೀವು ನಿಮ್ಮ ಭಾಷೇಲೇ ಮಾತಾಡಿಸಿ."

"ನನಗೆ ಇನ್ನೊಂದು ಬಂದ್ರೆ ತಾನೇ!" ಎಂದಳು ಹೆಂಡತಿ.

ಆಕೆಗೆ ಇಂಗ್ಲಿಷ್ ಬಾರದಿರುವುದಕ್ಕೆ ಮೇಷ್ಟ್ರೇ ಕಾರಣ. ಮೂವತ್ತೈದು ವರ್ಷ ಎದುರುಗಡೆಯ ಶಾಲೆಯಲ್ಲಿ ಇಂಗ್ಲಿಷ್ ಕಲಿಸಿದವರು ಅವರು. ವಾಕ್ಯದ ಕೊನೆಗೆ ಚುಕ್ಕೆ ಇಡದ ಮಕ್ಕಳನ್ನು ಚುಕ್ಕೆ ಇಡುವವರೆಗೂ ಬಿಡುತ್ತಿರಲಿಲ್ಲವಾದ್ದರಿಂದ ಅವರ ಅಡ್ಡಹೆಸರು ಫುಲ್‌ಸ್ಟಾಪ್ ಮೇಷ್ಟ್ರು. ಸಂಜೆ ಬಂದವರೇ ಕೊಡೆಯನ್ನು ಬಾಗಿಲ ಹೊರಗಿನ ಮೊಳೆಗೆ ನೇತುಹಾಕಿ, "ಇಂಗ್ಲಿಷೂ ಇಲ್ಲೇ ಇರಲಿ," ಎಂದು ಒಳಗೆ ಬರುತ್ತಿದ್ದರು. ಮನೆಯೊಳಗೆ ಒಂದು ಇಂಗ್ಲಿಷ್ ವಾಕ್ಯ ಆಡುವಂತಿರಲಿಲ್ಲ. ಮಗಳು ಚಿಕ್ಕವಳಿದ್ದಾಗ ಪಾಠ ಒಪ್ಪಿಸಬೇಕೆಂದರೂ ಮೆಟ್ಟಿಲ ಮೇಲೆ ನಿಂತೇ ಒಪ್ಪಿಸಬೇಕಿತ್ತು.

ಹದಿನೆಂಟು ತುಂಬಿದ ಮೇಲೆ, ಹರಿದ ವ್ಯಾಕರಣ ಪುಸ್ತಕವೊಂದನ್ನು ಇಟ್ಟುಕೊಂಡು ಕಲಿತ ಇಂಗ್ಲಿಷು ಅವರದು. ಶಾಲೆಯ ತಪಾಸಣೆಗೆ ಬಂದಿದ್ದ ಅಧಿಕಾರಿಯೊಬ್ಬ ಒಮ್ಮೆ, "ನಿಮ್ಮ ಇಂಗ್ಲಿಷಿನಲ್ಲಿ ತಪ್ಪೇ ಇಲ್ಲ. ಅದಕ್ಕೇ ಅದು ನಿಮ್ಮದಲ್ಲ ಅಂತ ಗೊತ್ತಾಗುತ್ತೆ," ಎಂದಿದ್ದ. ಅದನ್ನು ನಗುನಗುತ್ತಲೇ ಮನೆಯಲ್ಲಿ ಹೇಳಿದ ಮೇಷ್ಟ್ರು ಆ ದಿನ ಸರಿಯಾಗಿ ಊಟ ಮಾಡಿರಲಿಲ್ಲ.

"ದಿನವಿಡೀ ಇಸ್ತ್ರಿ ಅಂಗಿ ಹಾಕ್ಕೊಂಡು ಬಿಗಿಯಾಗಿ ನಿಂತಿರ್ತೀನಿ ಇವಳೇ," ಎನ್ನುತ್ತಿದ್ದರು. "ಮನೇಲಾದ್ರೂ ಬನೀನಲ್ಲಿ ಇರೋಕೆ ಬಿಡು."

ಮದುವೆಯಾದ ಹೊಸದರಲ್ಲಿ ಆಕೆ, ತನಗೂ ನಾಲ್ಕು ಮಾತು ಕಲಿಸಿ ಎಂದು ಕೇಳಿದ್ದಳು. "ನೀನೂ ಕಲಿತುಬಿಟ್ರೆ ನಾನು ಯಾರ ಹತ್ರ ಮಾತಾಡ್ಲಿ?" ಎಂದು ಆಕೆಯ ಜಡೆ ಎಳೆದಿದ್ದರು. ಆಗ ಅದು ಎಷ್ಟು ಹಿತವಾಗಿ ಕೇಳಿಸಿತ್ತು!

ಈಗ ಆಕೆಗೆ ಬೇಕಾಗಿದ್ದುದು ಒಂದೇ ಒಂದು ಮಾತು. ನಲವತ್ತೊಂದು ವರ್ಷದಲ್ಲಿ ಮೇಷ್ಟ್ರು ಆಕೆಯನ್ನು ಹೆಸರು ಹಿಡಿದು ಕರೆದವರಲ್ಲ. ಕನ್ನಡಕ ಸಿಗದಿದ್ದರೂ ಇವಳೇ, ಸಿಕ್ಕರೂ ಇವಳೇ. ಆ ಕೂಗು ಇನ್ನೊಮ್ಮೆ ಕಿವಿಗೆ ಬಿದ್ದರೆ ಸಾಕಿತ್ತು.

ಚಿಕಿತ್ಸೆಯ ಹುಡುಗಿ ಹೇಳಿದಂತೆ ಆರು ವಾರ ನಡೆದುಕೊಂಡಳು. ಲೋಟ ಎತ್ತಿ ತೋರಿಸಿ, "ಇದೇನು ಹೇಳಿ ನೋಡೋಣ," ಎನ್ನುವಳು. ಮೇಷ್ಟ್ರು ಲೋಟವನ್ನು ನೋಡುವರು, ಆಕೆಯ ತುಟಿಯನ್ನು ನೋಡುವರು, ಒಳಗೆಲ್ಲೋ ತಡಕಾಡುವರು. ಹಣೆಯ ಮೇಲೆ ಬೆವರೊಡೆಯುವುದು. ಕೊನೆಗೆ ಆಡುವ ಎಡಗೈಯಿಂದ ಹಣೆ ಚಚ್ಚಿಕೊಂಡು ಗೋಡೆಯ ಕಡೆ ತಿರುಗಿಬಿಡುವರು. ಬರಬರುತ್ತಾ ಇದ್ದ ಇಂಗ್ಲಿಷೂ ನಿಂತು, ಮನೆ ಮೌನವಾಯಿತು.

ಆಕೆ ಅದೇ ಶಾಲೆಯ ಸಮವಸ್ತ್ರ ಹೊಲಿಯುತ್ತಿದ್ದಳು. ಒಂದು ಮಧ್ಯಾಹ್ನ ಕಾಜಾ ಮುಗಿದ ಅಂಗಿಗಳನ್ನು ಕುರ್ಚಿಗಳ ಬೆನ್ನಿಗೆ ಸಾಲಾಗಿ ಹಾಕಿ, ಕೊನೆಯ ಕುರ್ಚಿಯಲ್ಲಿ ಕುಳಿತು ಗುಂಡಿ ಹಚ್ಚುತ್ತಿದ್ದಳು. ಎದುರಿನ ಶಾಲೆಯ ಗಂಟೆ ಬಾರಿಸಿತು. ದಿಂಬಿಗೆ ಒರಗಿದ್ದ ಮೇಷ್ಟ್ರು ಕಣ್ಣು ತೆರೆದು ನೀಲಿ ಅಂಗಿಗಳ ಸಾಲನ್ನು ನೋಡಿದರು. ಕತ್ತು ನೆಟ್ಟಗಾಯಿತು.

"ಲಾಸ್ಟ್ ಬೆಂಚ್. ಸ್ಟ್ಯಾಂಡ್ ಅಪ್."

ಆಕೆ ಸೂಜಿ ಹಿಡಿದುಕೊಂಡೇ ಎದ್ದು ನಿಂತಳು.

ಮೇಷ್ಟ್ರು ಕಿಟಕಿ ತೋರಿಸಿ ಏನೋ ಕೇಳಿದರು. ಆಕೆ ಪೆಚ್ಚಾಗಿ ನಿಂತಳು. ಅವರು ಮುಂದಕ್ಕೆ ಬಾಗಿದರು. ಇಷ್ಟು ದಿನ ಕಾಣದಿದ್ದ ಬೆಳಕು ಮುಖದಲ್ಲಿತ್ತು. "ವಿಂ... ಡೋ," ಎಂದು ಬಿಡಿಸಿ ಹೇಳಿದರು. ಗಾಳಿ, ಬೆಳಕು, ಗಾಜು ಎಂದೆಲ್ಲ ಇರಬೇಕು, ಎಡಗೈ ಆಡಿಸುತ್ತಾ ಐದು ನಿಮಿಷ ವಿವರಿಸಿದರು. ದಡ್ಡ ಮಕ್ಕಳಿಗೇ ಅವರು ಹೆಚ್ಚು ಹೊತ್ತು ಕೊಡುತ್ತಿದ್ದುದು ಎಂದು ಊರಿಗೆಲ್ಲ ಗೊತ್ತಿತ್ತು. ಆಕೆ, "ವಿಂಡೋ," ಎಂದಳು.

"ಗುಡ್. ನೆಕ್ಸ್ಟ್."

ಅವರ ಕಣ್ಣು ಆಕೆಯನ್ನು ಬಿಟ್ಟು ಪಕ್ಕದ ಕುರ್ಚಿಗೆ ಸರಿಯಿತು. ಅಲ್ಲಿ ಬರೀ ಅಂಗಿ. ಸ್ವಲ್ಪ ಹೊತ್ತು ಕಾದರು. ಮುಖದ ಬೆಳಕು ಆರಿತು. ಮಾರನೆಯ ದಿನದ ಗಂಟೆಯವರೆಗೆ ಮತ್ತೆ ಮಾತಿಲ್ಲ.

ಹತ್ತು ಹದಿನೈದು ದಿನ ಕಳೆಯುವಷ್ಟರಲ್ಲಿ ಆಕೆಗೆ ಲೆಕ್ಕ ತಿಳಿದುಹೋಯಿತು. ರಜೆ ಹಾಕಿ ಮನೆಯಲ್ಲಿದ್ದ ಮಗಳು ಒಂದು ಮಧ್ಯಾಹ್ನ ಬಾಗಿಲಲ್ಲಿ ನಿಂತು ನೋಡಿದಳು. ಆಮೇಲೆ ಅಡುಗೆಮನೆಯಲ್ಲಿ ಹಿಡಿದು ಕೇಳಿದಳು:

"ಕಿಟಕಿಗೆ ಡೋರ್ ಅಂದ್ಯಲ್ಲಮ್ಮ? ನಿನ್ನೆ ನನ್ನ ಹತ್ರ ಸರಿಯಾಗೇ ಹೇಳಿದ್ದೆ."

"ಗೊತ್ತು."

"ಗೊತ್ತಿದ್ದೂ ತಪ್ಪು ಹೇಳ್ತೀಯಾ?"

"ಸರಿ ಹೇಳಿದ್ರೆ ಮುಂದಿನವರನ್ನ ಕರೀತಾರೆ ಕಣೇ. ಮುಂದೆ ಯಾರಿದಾರೆ?"

ಮಗಳು ನಲ್ಲಿ ತಿರುಗಿಸಿ, ತೊಳೆದ ಲೋಟವನ್ನೇ ಮತ್ತೆ ತೊಳೆದಳು.

ವಿಷಯ ಚಿಕಿತ್ಸೆಯ ಹುಡುಗಿಗೂ ಮುಟ್ಟಿತು. ಅವಳು ಬೈಯಲಿಲ್ಲ. "ನಾಲ್ಕು ತಿಂಗಳಾಯ್ತು ಆಂಟಿ. ಉಳಿದಿರೋದು ಎರಡೇ. ಹೀಗೇ ಆದ್ರೆ ನಿಮ್ಮ ಭಾಷೆ ಅವರಿಗೆ ಬರದೇ ಹೋಗಬಹುದು," ಎಂದಳಷ್ಟೆ. ಆಕೆ ಒಂದು ವಾರ ಅಂಗಿಗಳನ್ನು ಟ್ರಂಕಿನಲ್ಲಿಟ್ಟು, ಗಂಟೆಯ ಹೊತ್ತಿಗೆ ಕಿಟಕಿ ಮುಚ್ಚಿ, ಲೋಟ ಹಿಡಿದು ಕುಳಿತಳು. ಏಳು ದಿನವೂ ಮೇಷ್ಟ್ರು ಗೋಡೆ ನೋಡಿದರು. ಎಂಟನೆಯ ದಿನ ಆಕೆಯೇ ಅಂಗಿಗಳನ್ನು ತೆಗೆದು ಕುರ್ಚಿಗಳಿಗೆ ಹಾಕಿದಳು.

ಆ ದಿನ ಮೇಷ್ಟ್ರು ಹೊಸ ಪ್ರಶ್ನೆ ಕೇಳಿದರು. "ವಾಟ್ ಈಸ್ ಯುವರ್ ನೇಮ್?"

ಹೆಸರು ಕೇಳುತ್ತಿದ್ದಾರೆಂದು ಆಕೆಗೆ ತಿಳಿಯಿತು. ಎಂದಾದರೂ ಕೇಳಿಯಾರೆಂದು ಇದಕ್ಕೆ ಕೊಡಬೇಕಾದ ಇಡೀ ಉತ್ತರವನ್ನು ಮಗಳಿಂದ ಕೇಳಿ, ಹೊಲಿಗೆ ಯಂತ್ರ ತುಳಿಯುತ್ತಾ ಬಾಯಿಪಾಠ ಮಾಡಿದ್ದಳು. ತನ್ನ ಹೆಸರು ಅವರ ಕಿವಿಗೆ ಬಿದ್ದರೆ ಒಳಗಿನ ಯಾವುದೋ ಅಗುಳಿ ಸರಿದೀತು, ಆ ಹೆಸರಿನ ಬದಲು ನಲವತ್ತೊಂದು ವರ್ಷ ಕರೆದ ಕೂಗು ಹೊರಗೆ ಬಂದೀತು ಎಂದು ಆಸೆ. ಸೆರಗು ಸರಿಮಾಡಿಕೊಂಡು, ನೆಟ್ಟಗೆ ನಿಂತು, ಒಂದಕ್ಷರವೂ ತಪ್ಪದಂತೆ ತನ್ನ ಹೆಸರು ಹೇಳಿದಳು.

ಮೇಷ್ಟ್ರು ಆಕೆಯ ಮುಖವನ್ನೇ ನೋಡಿದರು. ತುಟಿ ಅಲುಗಿತು.

"ವೆರಿ ಗುಡ್," ಎಂದರು. "ನೆಕ್ಸ್ಟ್."

ಆ ಸಂಜೆ ಆಕೆ ಹಚ್ಚಿದ ಗುಂಡಿಗಳೆಲ್ಲ ಸೊಟ್ಟಗಾಗಿ, ಬಿಚ್ಚಿ ಮತ್ತೆ ಹಚ್ಚಬೇಕಾಯಿತು.

ಮಾರನೆಯ ದಿನ ಗಂಟೆ ಬಾರಿಸಿದಾಗ ಆಕೆ ಕೊನೆಯ ಕುರ್ಚಿಯಲ್ಲಿದ್ದಳು. ಮೇಷ್ಟ್ರು ಎಬ್ಬಿಸಿ ನಿಲ್ಲಿಸಿ ಅದೇ ಪ್ರಶ್ನೆ ಕೇಳಿದರು. ಆಕೆ ತಲೆ ತಗ್ಗಿಸಿದಳು. ಗೊತ್ತಿಲ್ಲವೆಂಬಂತೆ ಸೂಜಿಯ ದಾರವನ್ನು ಬೆರಳಿಗೆ ಸುತ್ತಿಕೊಂಡಳು, ಬಿಚ್ಚಿದಳು.

ಮೇಷ್ಟ್ರು ಮುಂದಕ್ಕೆ ಬಾಗಿದರು. ದನಿ ತಗ್ಗಿಸಿ, ಹೆದರಿದ ಮಗುವನ್ನು ಸಂತೈಸುವಂತೆ, ಒಂದೊಂದೇ ಪದ ಬಿಡಿಸಿ ಮತ್ತೆ ಕೇಳಿದರು. ಅವರ ಕಣ್ಣು ಆಕೆಯ ಮೇಲೇ ಇತ್ತು. ಆಕೆ ತನ್ನ ಹೆಸರನ್ನು ನುಂಗಿಕೊಂಡು ನಿಂತೇ ಇದ್ದಳು.