ಎರೆನೆಲದ ಮನೆಗೆ ಬಂದ ಗುರವ್ವ

ಗುರವ್ವ ತನ್ನ ಮನೆಯೊಳಗೆ ಗೋಡೆ ಮುಟ್ಟದೆ ನಡೆದದ್ದನ್ನು ಕಂಡವರಿಲ್ಲ. ಅಡುಗೆಮನೆಯಿಂದ ಪಡಸಾಲೆಗೆ, ಪಡಸಾಲೆಯಿಂದ ಕೊಟ್ಟಿಗೆಗೆ ಹೋಗುವಾಗಲೆಲ್ಲ ಬಲ ಅಂಗೈ ಗೋಡೆಯ ಮೇಲೆ ಜಾರುತ್ತಲೇ ಇರಬೇಕು. ಎಲ್ಲಾದರೂ ಕೂದಲೆಳೆಯಷ್ಟು ಬಿರುಕು ಬೆರಳಿಗೆ ತಾಕಿತೋ, ಒಲೆಯ ಮೇಲಿನ ಹಾಲು ಉಕ್ಕಿ ಹೋದರೂ ಸರಿಯೇ, ಅವಳು ಅಲ್ಲೇ ನಿಂತುಬಿಡುವಳು. ಚಳಿಗಾಲದಲ್ಲಿ ಸೀರೆಯ ಮೇಲೆ ಗಂಡನ ಹಳೆಯ ಬನಾತಿನ ಕೋಟು ತೊಡುತ್ತಿದ್ದಳು. ಅದರ ಜೇಬಿನಲ್ಲಿ ಎಲೆ ಅಡಿಕೆ ಇರಬೇಕಾದ ಕಡೆ ಕಲ್ಲಿನ ಚಕ್ಕೆಗಳೂ ಒಣಗಿದ ಸುಣ್ಣದ ಉಂಡೆಗಳೂ ಇರುತ್ತಿದ್ದವು. ಯಾರು ಏನು ಹೇಳಿದರೂ "ಆತು, ಮುಂದ?" ಎನ್ನುವುದು ಅವಳ ರೂಢಿ, ಎದುರಿನವರ ಮಾತು ಮುಗಿಯುವ ಮೊದಲೇ ಮುಂದಿನದಕ್ಕೆ ಹಾರುವ ಆ ಜೀವಕ್ಕೆ ಸುಮ್ಮನೆ ಕೂರುವುದೆಂದರೆ ಶಿಕ್ಷೆ.

ತಪ್ಪು ಪೂರ್ತಿ ಅವಳದೂ ಅಲ್ಲ ಬಿಡಿ. ಕಿತ್ತೂರಿನ ಆಚೆಯ ಕೆಂಪು ಮಸಾರಿ ನೆಲದಲ್ಲಿ ಹುಟ್ಟಿದವಳು. ಅಲ್ಲಿ ಅಜ್ಜ ಕಟ್ಟಿಸಿದ ಗೋಡೆ ಮೊಮ್ಮಕ್ಕಳ ಕಾಲಕ್ಕೂ ಅಲುಗದು, ಬಿರುಕು ಬಿಟ್ಟರೆ ಮನೆತನಕ್ಕೇ ಕೇಡು ಬಂದಂತೆ. ಮದುವೆಯಾಗಿ ಬಂದದ್ದು ಬೈಲಹೊಂಗಲದ ಮಗ್ಗುಲಿನ ಅಪ್ಪಟ ಕಪ್ಪು ಎರೆನೆಲಕ್ಕೆ. ಎರೆಮಣ್ಣಿನ ಸ್ವಭಾವವೇ ಚಂಚಲ: ಬೇಸಗೆಯಲ್ಲಿ ಕುಗ್ಗಿ ಕೈ ಹಿಡಿಸುವಷ್ಟು ಬಾಯಿಬಿಡುತ್ತದೆ, ಮಳೆಗಾಲದಲ್ಲಿ ನೀರು ಕುಡಿದು ಉಬ್ಬುತ್ತದೆ, ಅದರ ಮೇಲೆ ಕೂತ ಹಳೆಯ ಮನೆಯ ಬುನಾದಿಯೂ ಅದರ ಜೊತೆಗೇ ಬಿರಿದು, ಅದರ ಜೊತೆಗೇ ಕೂಡಿಕೊಳ್ಳುತ್ತದೆ. ಗಂಡ ನಿಜಗುಣಪ್ಪನಿಗೆ ಇದು ಹಗಲು ರಾತ್ರಿಯಷ್ಟೇ ಸಹಜ. ಗುರವ್ವನಿಗೆ ಮಗಳು ಬೆಳೆದು ಮದುವೆಯಾದರೂ ಸಹಜವಾಗಲಿಲ್ಲ. ಪ್ಲೇಗು ಬಂದು ಊರಿಗೆ ಊರೇ ಹೊಲದ ಗುಡಿಸಲು ಸೇರಿದ ವರ್ಷ, ಜನ ಜೀವ ಕೈಯಲ್ಲಿ ಹಿಡಿದು ಕೂತಿದ್ದರೆ, ಈ ಪುಣ್ಯಾತ್ಗಿತ್ತಿ ಎಲ್ಲರ ಕಣ್ಣು ತಪ್ಪಿಸಿ ಊರೊಳಗೆ ಹೋಗಿ ಗೋಡೆ ನೋಡಿ ಬಂದಳು!

ಮಗಳು ದೇವಕ್ಕ ಚೊಚ್ಚಲ ಹೆರಿಗೆಗೆ ತವರಿಗೆ ಬಂದ ವರ್ಷದ ಬೇಸಗೆಯಲ್ಲಂತೂ ಅವಳ ತಳಮಳ ಹೇಳತೀರದು. ಹೆರಿಗೆಗೆಂದು ತೆಗೆದಿಟ್ಟ ಕೋಣೆಗೆ ಒಂದೇ ಬಾಗಿಲು, ಅದೂ ಹಿತ್ತಲಿಗೆ. ಆ ಬಾಗಿಲ ಪಕ್ಕದ ಗೋಡೆಯೇ ಬುಡದಿಂದ ಚೌಕಟ್ಟಿನವರೆಗೆ ಸೀಳಿತ್ತು.

"ಮಳಿ ಬಿದ್ರ ತಾನಽ ಮುಚ್ಕೋತೈತಿ. ಸುಮ್ನ ಕುಂದರಬಾರದ?" ಎಂದ ನಿಜಗುಣಪ್ಪ.

"ಬಾಣಂತಿಗೆ ಗಾಳಿ ಹೊಕ್ರ ನೀವು ತಡೀತೀರೇನ್ರಿ?"

ಗೋಡೆ ಕಟ್ಟುವ ಗೌಂಡಿ ಲಗಮಣ್ಣನನ್ನು ಕರೆಸಿದಳು. ಅವನು "ಈಗ ಬ್ಯಾಡ್ರಿ ಅವ್ವಾರ, ಮಳಿಗಾಲ ಕಳೀಲಿ" ಎಂದು ಜಾರಿಕೊಂಡ. ಸರಿ, ಗುರವ್ವ ಸೆರಗು ಸೊಂಟಕ್ಕೆ ಸಿಕ್ಕಿಸಿ ತಾನೇ ಕೂತಳು. ಬುಡದಿಂದ ಮೊದಲುಮಾಡಿ ಬಿರುಕಿನೊಳಗೆ ಒಂದೊಂದೇ ಕಲ್ಲಿನ ಚಕ್ಕೆಯನ್ನು ಬಡಿದು ಕೂಡಿಸಿ, ಸಂದಿಗೆ ಸುಣ್ಣದ ಗಚ್ಚು ತುಂಬಿ, ಬಾಗಿಲವರೆಗೂ ಸೂಜಿ ಹೋಗದಂತೆ ಬಿಗಿದಳು. ಅಂದು ಹೊಟ್ಟೆ ತುಂಬ ಉಂಡಳಂತೆ.

ಮುಂಗಾರಿನ ಮಿರಗದ ಮಳೆ ಹಿಡಿಯಿತು. ಎರೆ ಉಬ್ಬಿತು, ಬಿರಿದ ಗೋಡೆ ಕೂಡಿಕೊಳ್ಳಲು ಹೊರಟಿತು, ಕೂಡಲು ಜಾಗವೆಲ್ಲಿದೆ? ನಡುವೆ ತುಂಬಿದ್ದ ಕಲ್ಲು ಗೋಡೆಯನ್ನೇ ಒಳಕ್ಕೆ ದಬ್ಬಿತು. ದೇವಕ್ಕನಿಗೆ ನೋವು ಕಾಣಿಸಿಕೊಂಡದ್ದೂ ಅಂಥದೊಂದು ಮಳೆಯ ಮಧ್ಯಾಹ್ನವೇ. ಸೂಲಗಿತ್ತಿ ಮುದಕವ್ವ ಅವಳೊಡನೆ ಒಳಗೆ ಹೋಗಿ ಬಾಗಿಲು ಒತ್ತಿ ಹಾಕಿಕೊಂಡಳು. ಬಿಸಿನೀರು ತಂದ ಗುರವ್ವ ತಳ್ಳಿದರೆ ಬಾಗಿಲು ಮಿಸುಕಲಿಲ್ಲ, ಚೌಕಟ್ಟು ಕಚ್ಚಿಕೊಂಡಿತ್ತು.

"ಅವ್ವಾರ, ಗ್ವಾಡಿ ಒಳಗ ಹೊಟ್ಟಿ ಬಿಟ್ಟೈತ್ರಿ! ಮಣ್ಣ ಉದರಾಕತ್ತೈತಿ, ಜಲ್ದಿ ತಗೀರಿ!" ಒಳಗಿನಿಂದ ಮುದಕವ್ವ ಕೂಗಿದಳು.

ನಿಜಗುಣಪ್ಪ ಕೊಡಲಿ ಎತ್ತಿಕೊಂಡು ಓಡಿಬಂದ. "ಚೌಕಟ್ಟ ಒಡದ್ರ ಗ್ವಾಡಿ ಮಗಳ ಮ್ಯಾಲ ಬೀಳತೈತ್ರಿ!" ಎಂದು ಗುರವ್ವ ಅವನನ್ನು ಪಕ್ಕಕ್ಕೆ ನೂಕಿ, ಹಾರೆ ಹಿಡಿದು ಕೆಸರಿನಲ್ಲಿ ಮೊಣಕಾಲೂರಿದಳು. ಯಾವ ಚಕ್ಕೆ ಯಾವುದರ ಮೇಲೆ ಕೂತಿದೆ, ಯಾವುದನ್ನು ಎಳೆದರೆ ಯಾವುದು ಸಡಿಲುತ್ತದೆ ಎಂಬುದೆಲ್ಲ ಬಡಿದ ಕೈಗೆ ನೆನಪಿತ್ತು. ಹಾರೆಯ ಮೊನೆ ಹೊಗದ ಕಡೆ ಬೆರಳು ಹಾಕಿದಳು. ಉಗುರು ಕಿತ್ತುಬಂದವು. "ನಾನಽ ಬಡದೇನಿ, ನಾನಽ ಕೀಳತೇನಿ, ಹೆದರಬ್ಯಾಡ ನನ್ನ ಮಗಳ" ಎಂದು ಗೋಡೆಗೆ ಬಾಯಿಟ್ಟು ಒದರುತ್ತ ಕಿತ್ತಳು, ಕಿತ್ತು ಹಿಂದಕ್ಕೆ ಎಸೆದಳು. ಕೊನೆಗೆ ಗೋಡೆ ಗರ್ರೆಂದು ತೆರವಾದ ಸಂದಿಗೆ ಒಂದಿಷ್ಟು ಸರಿಯಿತು. ಬಾಗಿಲು ಅರ್ಧ ತೆರೆಯಿತು. ನಿಜಗುಣಪ್ಪ ಒಳನುಗ್ಗಿ ಗೋಡೆಗೊಂದು ತೊಲೆ ಆನಿಸಿ ಹೊರಬಂದ, ಬಿಸಿನೀರು ಒಳಗೆ ಹೋಯಿತು, ತುಸು ಹೊತ್ತಿಗೆ ಕೂಸು ಅತ್ತಿತು.

ಮುದಕವ್ವ ಮೊಮ್ಮಗಳನ್ನು ತಂದು ನೀಡಿದರೆ ಗುರವ್ವ ಎರಡೂ ಕೈ ಹಿಂದಕ್ಕೆಳೆದುಕೊಂಡಳು. "ಬ್ಯಾಡಬೇ, ಈ ಕೈಲೆ ಬ್ಯಾಡ" ಎಂದು ಬಿಕ್ಕಿ ಬಿಕ್ಕಿ ಅತ್ತಳು. ದೇವಕ್ಕ ಒಳಗಿನಿಂದಲೇ ಕ್ಷೀಣ ದನಿಯಲ್ಲಿ, "ಯವ್ವಾ, ತಗೋಬೇ" ಎಂದ ಮೇಲೆಯೇ ತಗೊಂಡದ್ದು.

ಸುಮ್ಮನೆ ಕೂರಲಾರದವರ ಕುಲವೊಂದು ಲೋಕದಲ್ಲಿ ಉಂಟು. ಅವರು ಕೆಡಿಸುವುದು ಹೆಚ್ಚು. ಅವರೊಡನೆ ಬಾಳುವುದು ಸುಲಭವಲ್ಲ. ತಾಳ್ಮೆಯವರು ಹೇಳಿದ್ದೇ ಬಹುಮಟ್ಟಿಗೆ ನಿಜವಾಗುತ್ತದೆ. ಆದರೆ ಗೋಡೆ ವಾಲಿದ ದಿನ ಯಾವ ಕಲ್ಲನ್ನು ಮೊದಲು ಕೀಳಬೇಕೆಂದು ತಾಳ್ಮೆಯವರಿಗೆ ತಿಳಿದಿರುವುದಿಲ್ಲ.